ಸುಣ್ಣದ ಹಿಡಿತ

ಆಳಂದ ಸೀಮೆಯ ಎರೆಹೊಲದಲ್ಲಿ ಗಳೆ ಹೊಡೆದಾಗ ಕರಿಮಣ್ಣಿನ ಹೆಂಟೆಗಳ ಜೊತೆ ಬೆಳ್ಳನೆಯ ಸಣ್ಣ ಹರಳುಗಳು ಮೇಲೆ ಬರುತ್ತವೆ. ಅವು ಸುಣ್ಣದ ಹರಳುಗಳು. ಕಲಬುರಗಿ ದಾಟಿ ಶಹಾಬಾದ, ವಾಡಿ, ಸೇಡಂ ಕಡೆ ಹೋದರೆ ಹರಳಿನ ಮಾತಿಲ್ಲ, ನೆಲವೇ ಸುಣ್ಣಕಲ್ಲು. ನಮ್ಮ ಭಾಗದ ಎಷ್ಟೋ ಮನೆಗಳಿಗೆ, ಗುಡಿಗಳಿಗೆ ಹಾಸಿದ ಫರಸಿ ಅಲ್ಲಿಯದು. ಬೇಸಿಗೆಯ ಬೆಳಗಿನಲ್ಲಿ ಅದರ ಮೇಲೆ ಬರಿಗಾಲಿಟ್ಟವರಿಗೆ ಆ ತಂಪು ಗೊತ್ತು. ಆ ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಕಲ್ಲ ಮೇಲೆ ನಿಂತ ಪಾದದ ಎಲುಬಿನಲ್ಲಿಯೂ ಇದೆ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲಿನಲ್ಲಿ. ಈ ಬೆಳಗಿನ ಯೋಚನೆ ಉಳಿದ ಆ ಒಂದು ಪಾಲಿನ ಕುರಿತು.

1883ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಇಟ್ಟು ಅದು ಎಷ್ಟು ಹೊತ್ತು ಬಡಿಯುತ್ತದೆ ಎಂದು ನೋಡುತ್ತಿದ್ದ. ಮೊದಲು ಹೃದಯ ಚೆನ್ನಾಗಿಯೇ ಬಡಿಯಿತು. ಆಮೇಲೆ ತಿಳಿದದ್ದು, ಆ ಉಪ್ಪುನೀರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ, ನಲ್ಲಿಯ ನೀರಿನಲ್ಲಿ ಮಾಡಿದ್ದರು. ಲಂಡನ್ನಿನ ನಲ್ಲಿಯ ನೀರು ನಮ್ಮ ಬಾವಿಯ ನೀರಿನ ಹಾಗೆ ಗಡುಸು, ಸುಣ್ಣದ ಅಂಶವಿದ್ದದ್ದು. ಶುದ್ಧ ನೀರಿನಲ್ಲಿ ಅದೇ ದ್ರಾವಣ ಮಾಡಿದಾಗ ಹೃದಯ ಸೋತು ನಿಂತಿತು. ಚೂರು ಕ್ಯಾಲ್ಸಿಯಂ ಬೆರೆಸಿದಾಗ ಮತ್ತೆ ಬಡಿಯತೊಡಗಿತು. ಮೈಗೆ ಸುಣ್ಣ ಬೇಕಾದದ್ದು ಎಲುಬಿನ ಗಟ್ಟಿತನಕ್ಕಷ್ಟೇ ಅಲ್ಲ, ಜೀವದ ನಡೆಗೂ ಬೇಕು ಎಂಬುದು ಮನುಷ್ಯರಿಗೆ ಹೀಗೆ ತಿಳಿಯಿತು.

ಜೀವಕೋಶದ ಹೊರಗಿನ ದ್ರವದಲ್ಲಿ ಕರಗಿರುವ ಕ್ಯಾಲ್ಸಿಯಂ, ಕೋಶದ ಒಳಗಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಕೋಶ ಹಗಲಿರುಳೂ ಶಕ್ತಿ ಖರ್ಚು ಮಾಡಿ ಅದನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಇಷ್ಟು ಕಷ್ಟಪಟ್ಟು ಕಾಯ್ದುಕೊಂಡ ಆ ಅಂತರವೇ ಅದಕ್ಕೆ ಒದಗುತ್ತದೆ. ಒಳಗೆ ಎಲ್ಲ ಶಾಂತವಾಗಿರುವುದರಿಂದ ತುಸುವೇ ಕ್ಯಾಲ್ಸಿಯಂ ಒಳಬಂದರೂ ಕೋಶಕ್ಕೆ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿಯಲೆಂದೇ ಪ್ರೋಟೀನುಗಳಿವೆ. ಒಳಗೆ ಕೆಲವು, ಹೊರಗೆ ಕೆಲವು. ಹೊರಗಿನ ಒಂದನ್ನು ಮೊದಲು ನೋಡೋಣ.

ಅದರ ಹೆಸರು ಇ-ಕ್ಯಾಡ್ಹೆರಿನ್. ಚರ್ಮದ ಹೊರಪದರದ ಕೋಶಗಳು, ಬಾಯಿ, ಹೊಟ್ಟೆ, ಕರುಳು, ಮೊಲೆಯ ಹಾಲಿನ ನಾಳ, ಇವುಗಳ ಒಳಪದರದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದು ಇದರ ಬಲದಿಂದ. ಪ್ರತಿ ಕೋಶದ ಮೇಲ್ಮೈಯಿಂದಲೂ ಐದು ತುಂಡುಗಳ ಸರಪಳಿಯಂತೆ ಇದು ಹೊರಗೆ ಚಾಚಿಕೊಂಡಿರುತ್ತದೆ. ಎರಡೆರಡು ತುಂಡು ಕೂಡುವ ಪ್ರತಿ ಕೀಲಿನಲ್ಲಿ ಮೂರು ಕ್ಯಾಲ್ಸಿಯಂ ಅಯಾನುಗಳು ಕೂರುತ್ತವೆ. ನಾಲ್ಕು ಕೀಲು, ಹನ್ನೆರಡು ಅಯಾನು. ಅವು ಕೂತಾಗ ಸರಪಳಿ ಸೆಟೆದು ನಿಂತು ಪಕ್ಕದ ಕೋಶದ ಸರಪಳಿಯನ್ನು ಹಿಡಿಯುತ್ತದೆ. ಅವು ಇಲ್ಲದಿದ್ದರೆ ಜೋಲುಬೀಳುತ್ತದೆ, ಹಿಡಿತ ತಪ್ಪುತ್ತದೆ. ಇದನ್ನು ಕಂಡುಹಿಡಿದವರು ಜಪಾನಿನ ಮಸಾತೋಶಿ ತಾಕೇಯಿಚಿ. ಕ್ಯೋಟೋದಲ್ಲಿ ಸರಾಗವಾಗಿ ಅಂಟಿಕೊಳ್ಳುತ್ತಿದ್ದ ಕೋಶಗಳು ಅಮೆರಿಕದ ಪ್ರಯೋಗಶಾಲೆಯಲ್ಲಿ ಅಂಟಿಕೊಳ್ಳಲೇ ಇಲ್ಲ. ಅಲ್ಲಿ ಕೋಶಗಳನ್ನು ಬಿಡಿಸಲು ಬಳಸುತ್ತಿದ್ದ ದ್ರಾವಣದಲ್ಲಿ ಕ್ಯಾಲ್ಸಿಯಂ ಕಸಿಯುವ ಒಂದು ರಾಸಾಯನಿಕ ಇತ್ತು. ಆ ವ್ಯತ್ಯಾಸದ ಬೆನ್ನು ಹತ್ತಿ 1970ರ ದಶಕದಲ್ಲಿ ಅವರು ಈ ಪ್ರೋಟೀನಿನ ತನಕ ಬಂದರು. ಕೆಲಸ ಕೆಟ್ಟಾಗ ಸಿಟ್ಟಾಗದೆ, ಕೆಟ್ಟದ್ದು ಯಾಕೆ ಎಂದು ಕೇಳುವ ಸಹನೆ ದೊಡ್ಡದು.

ಈಗ ಈ ಹೊತ್ತಿನಲ್ಲಿ, ಬೆಳಗಿನ ಚಹಾ ಬಾಯಲ್ಲಿರುವಾಗ, ನಮ್ಮ ಕೆನ್ನೆಯ ಒಳಪದರದ ಲಕ್ಷಾಂತರ ಕೋಶಗಳು ಹೀಗೆ ಒಂದನ್ನೊಂದು ಹಿಡಿದುಕೊಂಡಿವೆ. ಬಿಸಿ, ಖಾರ, ಕಟಿ ರೊಟ್ಟಿಯ ಚೂಪು ಅಂಚು, ಎಲ್ಲವನ್ನೂ ತಡೆಯುತ್ತವೆ. ಗಾಯವಾದರೆ ಕೆಲ ದಿನಗಳಲ್ಲಿ ಮಾಯುತ್ತದೆ.

ನಮ್ಮ ಆಳಂದ ಸೀಮೆಯ ಜಿಡಗಾ ಮಠಕ್ಕೆ ಬರುವ ಭಕ್ತರ ಎಡ ಅಂಗೈಯನ್ನು ನಾನು ಎಷ್ಟೋ ಬೆಳಗು ಗಮನಿಸಿದ್ದೇನೆ. ಸ್ನಾನ ಮುಗಿಸಿ ಇಷ್ಟಲಿಂಗವನ್ನು ಇಟ್ಟುಕೊಂಡು ಕಣ್ಣು ನಿಲ್ಲಿಸುವ ಅಂಗೈ ಅದು. ಪೂಜೆ ಮುಗಿದು ಹೊರಗೆ ಬಂದ ಮೇಲೆ, ಬಸ್ಸಿಗೆ ಕಾಯುತ್ತ ಕೂತಾಗ, ಅದೇ ಅಂಗೈಗೆ ಚಂಚಿಯಿಂದ ತಂಬಾಕು ಬೀಳುತ್ತದೆ. ಡಬ್ಬಿಯಿಂದ ಚೂರು ಸುಣ್ಣ. ಬಲಗೈ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಧೂಳು ಹಾರಿಸಿ, ಕೆಳದುಟಿಯೊಳಗೆ ಇಡುವುದು. ಪಕ್ಕದವನಿಗೂ ಒಂದು ಚಿಟಿಕೆ. ಇದರಲ್ಲಿ ಕೆಟ್ಟತನ ಎಲ್ಲೂ ಇಲ್ಲ. ಹಂಚಿಕೊಳ್ಳುವ ಪ್ರೀತಿ ಇದೆ, ದಣಿವು ಮರೆಯುವ ಆಸೆ ಇದೆ, ಅಪ್ಪ ಮುತ್ಯಾರ ಕಾಲದಿಂದ ಬಂದ ರೂಢಿ ಇದೆ. ಅದಕ್ಕೇ ಇದನ್ನು ಬಿಡಿಸುವುದು ಅಷ್ಟು ಕಷ್ಟ.

ಸುಣ್ಣ ಇಲ್ಲಿ ಮಾಡುವ ಕೆಲಸ ಬೇರೆ. ಅದರ ಕ್ಷಾರ ತಂಬಾಕಿನ ನಿಕೋಟಿನ್ ಅನ್ನು ಬಿಡಿಸಿ ರಕ್ತಕ್ಕೆ ಬೇಗ ಇಳಿಸುತ್ತದೆ. ಜೊತೆಗೆ ಬಾಯಿಯ ತೆಳು ಪದರವನ್ನು ಸುಡುತ್ತದೆ. ಅಡಿಕೆ ಇದ್ದರೆ, ಅಡಿಕೆಯ ರಸ ಸುಣ್ಣದ ಜೊತೆ ಸೇರಿ ಕೋಶದ ವಂಶವಾಹಿಗಳನ್ನೇ ಕೆಡಿಸಬಲ್ಲ ಉಗ್ರ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ತಂಬಾಕಿನ ಸ್ವಂತ ವಿಷಗಳು ಬೇರೆ ಇದ್ದೇ ಇವೆ. ಸುಟ್ಟದ್ದು ಮಾಯುತ್ತದೆ, ಮಾಯ್ದದ್ದು ಮತ್ತೆ ಸುಡುತ್ತದೆ, ಅದೇ ಜಾಗ, ದಿನಕ್ಕೆ ಹತ್ತು ಸಲ, ಮೂವತ್ತು ವರ್ಷ. ಪ್ರತಿ ಸಲ ಮಾಯುವಾಗಲೂ ಹೊಸ ಕೋಶಗಳು ಹುಟ್ಟಬೇಕು, ಹುಟ್ಟುವಾಗ ವಂಶವಾಹಿಗಳ ನಕಲು ಆಗಬೇಕು, ನಕಲಿನಲ್ಲಿ ತಪ್ಪುಗಳು ಉಳಿಯುತ್ತ ಹೋಗುತ್ತವೆ. ತಂಬಾಕು ಇಲ್ಲದ ಅಡಿಕೆ ಕೂಡ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಗುಟ್ಕಾಕ್ಕೆ ನಿಷೇಧ ಬಂದದ್ದು 2013ರಲ್ಲಿ. ಚಂಚಿಗೆ ಯಾವ ನಿಷೇಧವೂ ಇಲ್ಲ, ಅದು ಮನುಷ್ಯ ಮನುಷ್ಯನಿಗೆ ಹೇಳಿಯೇ ಬಿಡಿಸಬೇಕಾದದ್ದು.

ತಪ್ಪುಗಳು ಕೂಡಿ ಒಂದು ಕೋಶ ಮಿತಿ ಮೀರಿ ಬೆಳೆಯತೊಡಗಿದರೆ ಗಂಟಾಗುತ್ತದೆ. ಗಂಟು ಇದ್ದಲ್ಲೇ ಇದ್ದರೆ ಕತ್ತರಿಸಿ ತೆಗೆಯಬಹುದು. ಕೇಡು ಹೆಚ್ಚುವುದು ಕೋಶಗಳು ಹಿಡಿತ ಬಿಟ್ಟು ಹೊರಟಾಗ. ಅನೇಕ ಬಾಯಿ ಕ್ಯಾನ್ಸರ್‌ಗಳಲ್ಲಿ, ಗಂಟು ಒಳಮಾಂಸಕ್ಕೆ ನುಗ್ಗುತ್ತಿರುವ ಅಂಚಿನಲ್ಲಿ, ಇ-ಕ್ಯಾಡ್ಹೆರಿನ್ ಕಡಿಮೆಯಾಗಿರುತ್ತದೆ. ಅದು ಕಡಿಮೆಯಾದ ಗಂಟು ಕತ್ತಿನ ಗ್ರಂಥಿಗಳಿಗೆ ಹರಡುವ ಸಂಭವ ಹೆಚ್ಚು. ಬಹುಪಾಲು ಇಂಥ ಗಂಟುಗಳಲ್ಲಿ ಆ ಪ್ರೋಟೀನಿನ ವಂಶವಾಹಿ ಹಾಳಾಗಿರುವುದಿಲ್ಲ. ಇದ್ದಲ್ಲೇ ಇರುತ್ತದೆ. ಕೋಶ ಅದನ್ನು ಓದುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ಸುತ್ತ ಕ್ಯಾಲ್ಸಿಯಂ ಬೇಕಾದಷ್ಟಿದೆ, ಅದನ್ನು ಹಿಡಿಯುವ ಕೀಲೇ ಇಲ್ಲ.

ಹಿಡಿತ ಬಿಟ್ಟ ಕೋಶ ಬದುಕುವುದು ಸುಲಭವಲ್ಲ. ತನ್ನ ಕೆಳಗಿನ ಹಾಸಿನಿಂದ ಕಿತ್ತುಬಂದ ಆರೋಗ್ಯವಂತ ಕೋಶ ತಾನಾಗಿಯೇ ಸಾಯುತ್ತದೆ. 1994ರಲ್ಲಿ ಫ್ರಿಶ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಮೈ ತನ್ನನ್ನು ಕಾಯ್ದುಕೊಳ್ಳುವ ಏರ್ಪಾಡು ಇದು, ಎಲ್ಲಿಯ ಕೋಶ ಅಲ್ಲಿಯೇ ಇರಬೇಕು. ಇಲ್ಲದಿದ್ದರೆ ಕರುಳಿನ ಕೋಶ ಪುಪ್ಪುಸದಲ್ಲಿ ಬೇರೂರುತ್ತಿತ್ತು. ಕೆಲವು ಕ್ಯಾನ್ಸರ್ ಕೋಶಗಳು ಮಾತ್ರ ಕಿತ್ತುಬಂದರೂ ಸಾಯುವುದಿಲ್ಲ. ಯಾಕೆ?

ಇದಕ್ಕೆ ಒಂದು ಉತ್ತರ ನಮ್ಮ ನಾಡಿನಿಂದಲೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಮತ್ತು ಅವರ ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೋಶವನ್ನು ಹಾಸಿನಿಂದ ಬಿಡಿಸಿದ ಕೂಡಲೇ ಅದರೊಳಗೆ ಕ್ಯಾಲ್ಸಿಯಂ ಒಮ್ಮೆಲೇ ಏರುತ್ತದೆ ಎಂದು ಅವರು ಕಂಡರು. ಮೊದಲು ಕೋಶದೊಳಗಿನ ಕಣಜದಿಂದ ಅದು ಬಿಡುಗಡೆಯಾಗುತ್ತದೆ, ಅದರ ಹಿಂದೆಯೇ ಹೊರಗಿನಿಂದಲೂ ಒಳಬರುತ್ತದೆ. ಆ ಏರಿಕೆ ಎಎಂಪಿಕೆ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇದು ಬರಗಾಲದಲ್ಲಿ ಕೋಶದ ಖರ್ಚನ್ನು ಹಿಡಿತಕ್ಕೆ ತರುವ ಕಿಣ್ವ. ವಿಶೇಷವೆಂದರೆ ಆ ಹೊತ್ತಿಗೆ ಕೋಶದ ಶಕ್ತಿ ಇನ್ನೂ ಕಡಿಮೆಯಾಗಿಯೇ ಇರುವುದಿಲ್ಲ. ಬರ ಬರುವ ಮುಂಚೆಯೇ ಸಿದ್ಧತೆ ನಡೆದಿರುತ್ತದೆ. ಅಲೆಯುವ ಕ್ಯಾನ್ಸರ್ ಕೋಶ ಹೀಗೆ ಜೀವ ಹಿಡಿದುಕೊಳ್ಳುತ್ತಿರಬಹುದು ಎಂಬುದು ಅವರ ತಿಳಿವು.

ಕ್ಯಾಲ್ಸಿಯಂ ಏರಿದ ಸುದ್ದಿಯನ್ನು ಆ ಕಿಣ್ವದ ದಾರಿಗೆ ಮುಟ್ಟಿಸುವವರಲ್ಲಿ ಮುಖ್ಯವಾದದ್ದು ಕ್ಯಾಲ್ಮೊಡ್ಯುಲಿನ್. ತುಂಬ ಚಿಕ್ಕ ಪ್ರೋಟೀನು, 148 ಅಮೈನೋ ಆಮ್ಲಗಳಷ್ಟೇ. ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯುತ್ತದೆ. ಹಿಡಿದಾಗ ಅದರ ಆಕಾರ ಬದಲಾಗುತ್ತದೆ, ಬದಲಾದ ಆಕಾರದಲ್ಲಿ ಬೇರೆ ಕಿಣ್ವಗಳನ್ನು ತಬ್ಬಿ ಎಬ್ಬಿಸುತ್ತದೆ. ಮನುಷ್ಯನಲ್ಲಿ ಮೂರು ಬೇರೆ ಬೇರೆ ವಂಶವಾಹಿಗಳು ಇದನ್ನು ತಯಾರಿಸುತ್ತವೆ, ಮೂರರಿಂದಲೂ ಬರುವುದು ಅಕ್ಷರಶಃ ಒಂದೇ ಪ್ರೋಟೀನು. ನಮ್ಮಲ್ಲಿರುವುದು, ಕೊಟ್ಟಿಗೆಯ ಆಕಳಿನಲ್ಲಿರುವುದು, ಅಂಗಳದ ಕೋಳಿಯಲ್ಲಿರುವುದು ಒಂದೇ. ಕೋಟಿ ಕೋಟಿ ವರ್ಷ ಪ್ರಕೃತಿ ಇದರಲ್ಲಿ ಒಂದಕ್ಷರ ತಿದ್ದಲಿಲ್ಲ ಎಂದರೆ ಇದರ ಮೇಲೆ ಎಷ್ಟು ನಿಂತಿರಬೇಕು! ಹೃದಯದ ಲಯದಲ್ಲಿ ಇದಕ್ಕೆ ಪಾಲಿದೆ, ಮಕ್ಕಳು ಮಗ್ಗಿ ನೆನಪಿಟ್ಟುಕೊಳ್ಳುವುದರಲ್ಲಿ ಪಾಲಿದೆ, ಕರುಳಿನ ಸ್ನಾಯು ಹಿಂಡುವುದು ಇದು ಹೇಳಿದ ಮೇಲೆಯೇ.

ಹಿಂದೆ ಊರಲ್ಲಿ ಡಂಗುರ ಸಾರುವವನಿದ್ದ. ನಾಳೆ ಜಾತ್ರೆ ಎಂದು ಸಾರಿದ, ಹೊಳೆ ಬಂದಿದೆ ಎಂದು ಸಾರಿದ, ಯಾರೋ ತೀರಿಕೊಂಡರು ಎಂದೂ ಸಾರಿದ. ಸುದ್ದಿ ಅವನದಲ್ಲ. ಸಾವಿನ ಸುದ್ದಿ ತಂದನೆಂದು ಯಾರೂ ಅವನನ್ನು ಹೊಡೆಯಲಿಲ್ಲ. ಕ್ಯಾಲ್ಮೊಡ್ಯುಲಿನ್ ಅಂಥದ್ದು. ಕ್ಯಾನ್ಸರ್ ಕೋಶದಲ್ಲಿ ಅದು ಬೇರೆಯದಾಗಿಲ್ಲ, ಕೆಟ್ಟಿಲ್ಲ, ವೈರಿಯಾಗಿಲ್ಲ. ಹೃದಯದಲ್ಲಿ ಮಾಡುವುದನ್ನೇ ಅಲ್ಲಿಯೂ ಮಾಡುತ್ತಿದೆ. ಕೇಳಿಸಿಕೊಂಡವನು ಬೇರೆ, ಅಷ್ಟೇ.

ಎಎಂಪಿಕೆಯದೂ ಇದೇ ಕಥೆ. ಎಷ್ಟೋ ಸಂದರ್ಭಗಳಲ್ಲಿ ಅದು ಗಂಟು ಬೆಳೆಯದಂತೆ ತಡೆಯುವ ಕಡೆಗಿರುತ್ತದೆ. ಇ-ಕ್ಯಾಡ್ಹೆರಿನ್ ಕೂಡ ನಾನು ಮೇಲೆ ಹೇಳಿದಷ್ಟು ಸರಳವಲ್ಲ. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೀಣಾ ಪದ್ಮನಾಭನ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್‌ನ ಕೆಲವು ಮಾದರಿಗಳಲ್ಲಿ ಅದನ್ನು ತೆಗೆದು ನೋಡಿದರು. ಕೋಶಗಳು ಹೆಚ್ಚು ನುಗ್ಗಿದವು ನಿಜ, ಆದರೆ ದಾರಿಯಲ್ಲೇ ಹೆಚ್ಚು ಸತ್ತವು. ದೂರ ಹೋಗಿ ನೆಲೆಯೂರಲು ಅವಕ್ಕೂ ಆ ಹಿಡಿತ ಬೇಕಾಗಿತ್ತು. ಒಳ್ಳೆಯ ಪ್ರೋಟೀನು, ಕೆಟ್ಟ ಪ್ರೋಟೀನು ಎಂದು ಎರಡು ಸಾಲು ಮಾಡಿ ನಿಲ್ಲಿಸಲು ಹೋದವರಿಗೆ ಮೈ ಒಪ್ಪುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಊರುಗಳಲ್ಲಿ ಈ ಕಾಯಿಲೆ ಬಂದವರು ಮೊದಲು ಕೇಳುವ ಪ್ರಶ್ನೆ ಔಷಧದ್ದಲ್ಲ. ಕಳೆದ ವರ್ಷ ಒಬ್ಬ ಹಿರಿಯರು, ಕೆನ್ನೆಗೆ ಟವೆಲ್ ಅಡ್ಡ ಹಿಡಿದುಕೊಂಡು, ಪಕ್ಕಕ್ಕೆ ಕರೆದು ಕೇಳಿದರು: ‘ತಮ್ಮಾ, ನಾ ಯಾರಿಗಿ ಏನ್ ಮಾಡೀನಿ? ದೇವ್ರು ನನಗ್ಯಾಕ ಈ ಶಿಕ್ಷಾ ಕೊಟ್ಟಾನ?’ ಕೆನ್ನೆಯೊಳಗಿನ ಹುಣ್ಣು ಮಾಯದೆ ಬಹಳ ದಿನವಾಗಿತ್ತು. ಮನೆಯಲ್ಲಿ ಹಲ್ಲುನೋವು ಎಂದು ಹೇಳಿದ್ದರು. ಕಾಯಿಲೆಯ ಹೆಸರು ಹೇಳಿದರೆ ಜನ ತಮ್ಮ ಹಳೆಯ ಬದುಕನ್ನೆಲ್ಲ ಕೆದಕಿ ಪಾಪ ಹುಡುಕುತ್ತಾರೆಂಬ ಅಂಜಿಕೆ.

ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅದು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ತಲೆಮಾರುಗಳುದ್ದಕ್ಕೂ ಜನ ಹೊಟ್ಟೆಯ ಕ್ಯಾನ್ಸರ್‌ನಿಂದ ಸಾಯುತ್ತಿದ್ದರು, ಅನೇಕರು ತೀರ ಚಿಕ್ಕ ವಯಸ್ಸಿನಲ್ಲಿ. ಮನೆತನಕ್ಕೆ ಶಾಪ ತಟ್ಟಿದೆ ಎಂದು ನಂಬಿದವರಿದ್ದರು. ಆ ಮನೆಯವರೇ ಮುಂದೆ ಬಂದು ವಿಜ್ಞಾನಿಗಳನ್ನು ಕರೆದರು, ತಮ್ಮ ವಂಶವೃಕ್ಷ ಬಿಡಿಸಿ ತೋರಿಸಿದರು, ರಕ್ತ ಕೊಟ್ಟರು. ಒಟಾಗೊ ವಿಶ್ವವಿದ್ಯಾಲಯದ ಪ್ಯಾರಿ ಗಿಲ್‌ಫರ್ಡ್ ಮತ್ತು ಸಂಗಡಿಗರು 1998ರಲ್ಲಿ ಕಾರಣ ಕಂಡುಹಿಡಿದರು. ಇ-ಕ್ಯಾಡ್ಹೆರಿನ್ ತಯಾರಿಸುವ ವಂಶವಾಹಿಯಲ್ಲಿ ಒಂದು ತಪ್ಪು, ತಂದೆ ತಾಯಿಯಿಂದ ಮಕ್ಕಳಿಗೆ ಇಳಿದು ಬಂದದ್ದು. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ, ಕ್ಯಾಲ್ಸಿಯಂ ಕೂರುವ ಆ ಸರಪಳಿಯಲ್ಲಿ ಹುಟ್ಟಿನಿಂದಲೇ ಇದ್ದ ಊನ. ಗೊತ್ತಾದ ಮೇಲೆ ಆ ಮನೆತನದವರು ರಕ್ತಪರೀಕ್ಷೆಯಿಂದಲೇ ತಮಗೆ ಆ ತಪ್ಪು ಬಂದಿದೆಯೋ ಇಲ್ಲವೋ ತಿಳಿದುಕೊಳ್ಳುವಂತಾಯಿತು. ಬಂದಿದ್ದವರು ಮೊದಲೇ ಎಚ್ಚರ ವಹಿಸಿದರು, ಕೆಲವರು ರೋಗ ಬರುವ ಮುಂಚೆ ಹೊಟ್ಟೆಯನ್ನೇ ತೆಗೆಸಿಕೊಂಡು ಬದುಕಿದರು. ಶಾಪವೆಂದುಕೊಂಡಿದ್ದಷ್ಟು ಕಾಲ ಅವರಿಗೆ ಮಾಡಲು ಏನೂ ಇರಲಿಲ್ಲ. ಕಾರಣ ಸಿಕ್ಕ ದಿನದಿಂದ ಮಾಡಲು ಕೆಲಸ ಸಿಕ್ಕಿತು.

ನಮ್ಮ ಭಾಗದ ಬಾಯಿ ಕ್ಯಾನ್ಸರ್ ಆ ರೀತಿಯದಲ್ಲ, ಹುಟ್ಟಿನಿಂದ ಬಂದದ್ದಲ್ಲ. ಇದಕ್ಕೆ ಕಾರಣ ಬಹುಮಟ್ಟಿಗೆ ಚಂಚಿಯೊಳಗಿದೆ, ಗುಟ್ಕಾ ಚೀಟಿಯೊಳಗಿದೆ, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿಯೊಳಗಿದೆ. ಅದನ್ನು ಮುಚ್ಚಿಡುವುದು ಪ್ರೀತಿಯಲ್ಲ. ಆದರೆ ಕಾರಣ ಹೇಳುವುದಕ್ಕೂ ಅಪರಾಧ ಹೊರಿಸುವುದಕ್ಕೂ ಬಹಳ ಅಂತರವಿದೆ. ಬಿಸಿಲಲ್ಲಿ ತೊಗರಿ ಕೊಯ್ಯುವಾಗ ಹಸಿವು ತಡೆಯಲು ಒಂದು ಚಿಟಿಕೆ ಇಟ್ಟುಕೊಂಡವನಿಗೆ ದೇವರು ಇಂಥ ಶಿಕ್ಷೆ ಕೊಡುತ್ತಾನೆ ಎಂದು ನಂಬುವವರು ದೇವರನ್ನು ಬಹಳ ಸಣ್ಣವನನ್ನಾಗಿ ಮಾಡುತ್ತಾರೆ ಎಂದು ನನಗೆ ಅನಿಸುತ್ತದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಇದನ್ನು ಓದಿ ಯಾರೂ ಹಾಲು ಮೊಸರು ಬಿಡಬಾರದು, ವೈದ್ಯರು ಕೊಟ್ಟ ಕ್ಯಾಲ್ಸಿಯಂ ಗುಳಿಗೆ ಎಸೆಯಬಾರದು. ರಕ್ತದ ಕ್ಯಾಲ್ಸಿಯಂ ಅನ್ನು ಮೈ ತೀರ ಬಿಗಿಯಾದ ಮಿತಿಯೊಳಗೆ ಇಟ್ಟುಕೊಳ್ಳುತ್ತದೆ. ಕೋಶದೊಳಗಿನ ಏರಿಳಿತ ಊಟದ ತಟ್ಟೆಯಿಂದ ಆಗುವುದಲ್ಲ. ನೋಡಿಕೊಳ್ಳಬೇಕಾದದ್ದು ಬಾಯಿಯನ್ನು. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಖಾರ ತಾಗಿದರೆ ಉರಿ, ಬಾಯಿ ದಿನದಿನಕ್ಕೆ ಕಡಿಮೆ ತೆರೆಯುವುದು, ಕತ್ತಿನಲ್ಲಿ ಗಂಟು. ಮೊದಮೊದಲು ನೋವೇ ಇರುವುದಿಲ್ಲ, ಅದಕ್ಕೇ ಜನ ತಡಮಾಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಒಂದು ಕೇಂದ್ರ ಕಲಬುರಗಿಯಲ್ಲಿಯೇ ಇದೆ. ಆಳಂದದಿಂದ ಸುಮಾರು 40 ಕಿ.ಮೀ. ದಾರಿ.

ಆ ಹಿರಿಯರಿಗೆ ನಾನು ಪ್ರೋಟೀನಿನ ಹೆಸರು ಹೇಳಲಿಲ್ಲ. ಕೋಶಗಳು ಹೇಗೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ದಿನವೂ ಸುಟ್ಟರೆ ಆ ಹಿಡಿತ ಹೇಗೆ ಬಿಡುತ್ತದೆ, ಬಿಟ್ಟದ್ದು ಇನ್ನೂ ದೂರ ಹೋಗುವ ಮುಂಚೆ ಯಾಕೆ ತೆಗೆಸಬೇಕು, ಇಷ್ಟು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

‘ಅಂದ್ರ ಕಾರಣ ತಂಬಾಕ.’

‘ಹೌದು ಕಾಕಾ.’

‘ಶಿಕ್ಷಾ ಅಲ್ಲ.’

‘ಅಲ್ಲ ಕಾಕಾ.’

‘ಹಂಗಾದ್ರ ಮನ್ಯಾಗ ಹೇಳ್ಲಿಕ್ಕ ಅಡ್ಡಿಲ್ಲ ಬಿಡು’ ಎಂದು, ಕಿಸೆಯಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ಪುಣೆಯಲ್ಲಿ ಕೆಲಸಕ್ಕಿರುವ ಮಗನಿಗೆ ಹಚ್ಚಿಕೊಡಲು ಹೇಳಿದರು. ಮಗ ಎತ್ತಿದ ಕೂಡಲೇ, ಆರಾಮ ಇದ್ದೀಯೇನು ಎಂದು ಕೂಡ ಕೇಳದೆ, ಕಾಯಿಲೆಯ ಹೆಸರನ್ನು ನೇರವಾಗಿ ಹೇಳಿದರು. ಸೋಮವಾರ ಕಲಬುರಗಿ ದವಾಖಾನೆಗೆ ಹೋಗಬೇಕು, ರವಿವಾರ ರಾತ್ರಿಯ ಬಸ್ಸಿಗೆ ಬಾ ಎಂದರು.